ಸೇಲಂ ಪುರಸಭೆಯ ರಾಜಾಜಿ

ಚಕ್ರವರ್ತಿ ರಾಜಗೋಪಾಲಾಚಾರ್ಯರೆಂದೊಡನೆ ನಮ್ಮವರಿಗೆ 1948ರ ಗವರ್ನರ್ ಜನರಲ್ ಪದವಿಯೇ ಕಣ್ಣಮುಂದೆ ನಿಲ್ಲುತ್ತದೆ. ಅದಕ್ಕೆ ಮೂರು ದಶಕ ಮೊದಲು ಅವರು ಒಂದು ಊರಿನ ನಲ್ಲಿ, ಚರಂಡಿಗಳ ಕಾರುಬಾರು ನೋಡಿದವರೆಂಬುದು ಅಷ್ಟಾಗಿ ನೆನಪಿಗೆ ಬಾರದು.

ಅವರು ಜನಿಸಿದ್ದು 1878ರಲ್ಲಿ, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ಬಿ.ಎ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ಮಟ್ಟಿಗೆ ನಮಗೂ ನಂಟರೇ. ಮದರಾಸಿನಲ್ಲಿ ಕಾನೂನು ಮುಗಿಸಿ 1900ರಲ್ಲಿ ಸೇಲಂನಲ್ಲಿ ವಕೀಲಿ ಹಿಡಿದರು. 1911ರಲ್ಲಿ ಪುರಸಭೆಯ ಸದಸ್ಯರಾಗಿ, 1917ರಲ್ಲಿ ಅಧ್ಯಕ್ಷರಾದರು.

ಪುರಸಭೆಯ ಕಲಾಪವೆಂದರೆ ತೆರಿಗೆ ಬಾಕಿ, ಜಾಡಮಾಲಿಗಳ ಸಂಬಳ, ನೀರಿನ ಸರದಿ. ಎಲ್ಲವೂ ಬೇಸರದ ಕಡತಗಳೇ. ಅಂಥದೊಂದು ಕಡತವೇ ಊರನ್ನು ಕೆರಳಿಸಿತು. ಅಗ್ರಹಾರಕ್ಕೆ ನೀರು ಬಿಡುವ ಕೊಳಾಯಿ ತಿರುಗಿಸುವ ಕೆಲಸಕ್ಕೆ ದಲಿತ ನೌಕರನೊಬ್ಬನನ್ನು ನೇಮಿಸಿದಾಗ ಮಡಿವಂತರು ಸಿಡಿದೆದ್ದರು. ಅಧ್ಯಕ್ಷರೂ ಅಯ್ಯಂಗಾರರೇ! ಸಣ್ಣ ಊರಿನಲ್ಲಿ ಸ್ವಂತ ಬಳಗದ ಮುನಿಸು ಕಟ್ಟಿಕೊಳ್ಳುವುದು ಸುಲಭವಲ್ಲ. ಆದರೂ ಅವರು ಜಗ್ಗಲಿಲ್ಲ.

ಅದೇ ಕಾಲಕ್ಕೆ ಹತ್ತಿರದ ಈರೋಡಿನ ಪುರಸಭೆಗೆ ಅಧ್ಯಕ್ಷರಾಗಿದ್ದವರು, ಮನೆಮಾತು ಕನ್ನಡವಾಗಿದ್ದ ಪೆರಿಯಾರ್ ರಾಮಸ್ವಾಮಿಯವರು. ಮುಂದೆ ರಾಜಕೀಯದಲ್ಲಿ ಎದುರಾಳಿಗಳಾದರೂ ಇವರಿಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

1919ರಲ್ಲಿ ರಾಜಾಜಿಯವರು ಅಧ್ಯಕ್ಷಗಿರಿ ಬಿಟ್ಟು, ಮದರಾಸಿಗೆ ಬಿಡಾರ ಬದಲಾಯಿಸಿದರು. ಅದೇ ವರ್ಷ ಮದರಾಸಿಗೆ ಬಂದ ಗಾಂಧೀಜಿ ಇಳಿದುಕೊಂಡದ್ದು ಅವರ ಬಾಡಿಗೆಮನೆಯಲ್ಲಿಯೇ.