ಮೊದಲ ಡೀಸೆಲ್ ಎಂಜಿನ್ ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲೇ? ರುಡಾಲ್ಫ್ ಡೀಸೆಲ್ ಬದುಕು ಹೇಳುವ ನಿಜ

ಆಗಸ್ಟ್ 10 ವಿಶ್ವ ಜೈವಿಕ ಇಂಧನ ದಿನ. ಅದರ ಜೊತೆಗೇ ಒಂದು ಕಥೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. 1893ರ ಇದೇ ದಿನ ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿದ, ಅದಕ್ಕಾಗಿಯೇ ತೈಲ ಕಂಪನಿಗಳು ಅವನನ್ನು ಕೊಂದವು ಎಂಬ ಕಥೆ. ಹಾಗಾದರೆ ನಮ್ಮ ಪಿಕಪ್‌ಗೂ ಅಡುಗೆ ಎಣ್ಣೆ ಹಾಕಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹಾಕುವ ಮುನ್ನ ಇದನ್ನು ಓದಿ.

ಸೈಕಲ್ ಪಂಪ್‌ನ ಪಾಠ

ರುಡಾಲ್ಫ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನ್ ಮೂಲದವರು. 1870ರಲ್ಲಿ ಫ್ರಾನ್ಸ್‌ಗೂ ಜರ್ಮನ್ನರಿಗೂ ಯುದ್ಧ ಶುರುವಾದಾಗ ಕುಟುಂಬ ಊರು ಬಿಟ್ಟು ಲಂಡನ್‌ಗೆ ಹೋಯಿತು. ಹುಡುಗನನ್ನು ಓದಲು ಜರ್ಮನಿಯ ಆಗ್ಸ್‌ಬರ್ಗ್‌ಗೆ ಕಳಿಸಿದರು. ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆ ಅವನಿಗೆ ಗುರು. ಅಂದಿನ ಸ್ಟೀಮ್ ಎಂಜಿನ್‌ಗಳು ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಹಾಳು ಮಾಡುತ್ತವೆ ಎಂಬ ವಿಷಯ ಅವನನ್ನು ಕಾಡಿತು.

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ರುಡಾಲ್ಫ್ ಹಿಡಿದದ್ದು ಇದೇ ದಾರಿ. ಗಾಳಿಯನ್ನು ಬಲವಾಗಿ ಅದುಮಿದರೆ ಅದರ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು, ಕಿಡಿ ಬೇಡ. 1893ರಲ್ಲಿ ಪೇಟೆಂಟ್ ಸಿಕ್ಕಿತು.

ಆ ದಿನ ಆಗಿದ್ದೇನು?

1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಇಂಧನ ಹೊತ್ತಿಕೊಂಡಿತು, ಆದರೆ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಎಂಜಿನ್ ತನ್ನಷ್ಟಕ್ಕೆ ಓಡಲಿಲ್ಲ. ಬಳಸಿದ್ದು ಕಡಲೆಕಾಯಿ ಎಣ್ಣೆಯೂ ಅಲ್ಲ.

ಮುಂದಿನ ನಾಲ್ಕು ವರ್ಷ ಅವನು ಮಾಡಿದ್ದು ಒಬ್ಬ ಮೆಕ್ಯಾನಿಕ್ ಮಾಡುವ ಕೆಲಸ. ಗಾಳಿ ಎಲ್ಲಿ ಸೋರುತ್ತಿದೆ? ಒತ್ತಡ ಸಾಕಷ್ಟಿದೆಯೇ? ಇಂಧನ ಸರಿಯಾಗಿ ಚಿಮ್ಮುತ್ತಿದೆಯೇ? ಒಂದೊಂದನ್ನೂ ಅಳೆದ, ಬಿಚ್ಚಿದ, ಬದಲಾಯಿಸಿದ. 1894ರ ಫೆಬ್ರವರಿಯಲ್ಲಿ ಎಂಜಿನ್ ಸುಮಾರು ಒಂದು ನಿಮಿಷ ತಾನೇ ಓಡಿತು. 1897ರ ಅಧಿಕೃತ ಪರೀಕ್ಷೆಯಲ್ಲಿ ಇಂಧನದ ಶಕ್ತಿಯಲ್ಲಿ ಶೇ. 26ರಷ್ಟು ಕೆಲಸವಾಗಿ ಸಿಕ್ಕಿತು. ಆಗ ಬಳಸಿದ್ದು ಸೀಮೆಎಣ್ಣೆ.

ಕಡಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಫ್ರೆಂಚ್ ಸರ್ಕಾರದ ಕೋರಿಕೆಯಂತೆ ಓಟೋ ಕಂಪನಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಅದರಲ್ಲಿ ಓಡಿಸಿ ತೋರಿಸಿತು. ಅದನ್ನು ರುಡಾಲ್ಫ್ ತಾನೇ 1912ರಲ್ಲಿ ಬರೆದಿಟ್ಟಿದ್ದಾನೆ. ಅಂದರೆ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಹಾಗಾದರೆ ಪಿಕಪ್‌ಗೆ ಹಾಕಬಹುದೇ?

ಬೇಡ. ಅಡುಗೆ ಎಣ್ಣೆ ಡೀಸೆಲ್‌ಗಿಂತ ತುಂಬಾ ಮಂದ. ಇಂದಿನ ಇಂಜೆಕ್ಟರ್‌ಗಳ ತೂತು ಕೂದಲೆಳೆಯಷ್ಟು ಸಣ್ಣದು. ಎಣ್ಣೆ ಸರಿಯಾಗಿ ಚಿಮ್ಮದೆ ಕರಿ ಕಟ್ಟುತ್ತದೆ. ಹೊಂಗೆ ಎಣ್ಣೆಯಿಂದ ಮಾಡುವ ಬಯೋಡೀಸೆಲ್ ಬೇರೆ. ಅದನ್ನು ಮೆಥನಾಲ್ ಜೊತೆ ರಾಸಾಯನಿಕವಾಗಿ ಬದಲಾಯಿಸಿ ತೆಳುವಾಗಿಸಿರುತ್ತಾರೆ.

ಗಾಡಿ ಲೋಡ್ ಎಳೆಯದಿದ್ದರೆ ರುಡಾಲ್ಫ್ ಕೇಳಿದ ಪ್ರಶ್ನೆಗಳನ್ನೇ ಕೇಳಿ, ಹೊಗೆ ನೋಡಿ:

• ಕಪ್ಪು ಹೊಗೆ: ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ಮೊದಲು ಏರ್ ಫಿಲ್ಟರ್, ಟರ್ಬೋ ಪೈಪ್ ನೋಡಿಸಿ.
• ಬಿಳಿ ಹೊಗೆ: ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಕೂಲಂಟ್ ಒಳಗೆ ಸೋರುತ್ತಿದೆ.
• ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ.
• ಹೊಗೆ ಇಲ್ಲ, ಶಕ್ತಿಯೂ ಇಲ್ಲ: ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಅದರಲ್ಲಿ ನೀರು ಸೇರಿರಬಹುದು.

ಇವು ಸರಿಯಿದ್ದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅಗ್ಗದ ಕಾರಣ ಮೊದಲು, ದುಬಾರಿ ಕಾರಣ ಕೊನೆಗೆ.

ಅವನನ್ನು ಕೊಂದರೇ?

1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡ್‌ಗೆ ಹೊರಟ ಹಡಗಿನಿಂದ ರುಡಾಲ್ಫ್ ಕಾಣೆಯಾದ. ಹತ್ತು ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ಶವದ ಮೇಲಿನ ವಸ್ತುಗಳನ್ನು ಮಗ ಗುರುತಿಸಿದ. ಆಗ ಅವನು ಸಾಲದಲ್ಲಿ ಮುಳುಗಿದ್ದ, ಆರೋಗ್ಯವೂ ಕೆಟ್ಟಿತ್ತು. ಆತ್ಮಹತ್ಯೆ ಎಂದು ಹೆಚ್ಚಿನವರು ನಂಬುತ್ತಾರೆ. ಕೊಲೆಗೆ ಸಾಕ್ಷ್ಯ ಸಿಕ್ಕಿಲ್ಲ.

ಊಹೆಯನ್ನು ನಂಬದೆ ಅಳೆದು ನೋಡಿದ ಮನುಷ್ಯನ ಹೆಸರಿನಲ್ಲಿ ಅಳೆಯದ ಮಾತು ಫಾರ್ವರ್ಡ್ ಆಗುವುದು ಬೇಡ. ಗ್ರೂಪಿನಲ್ಲಿ ಆ ಸಂದೇಶ ಬಂದರೆ ಇದನ್ನು ಕಳಿಸಿ.