ಇಂದಿನ ಧಮ್ಮ ಚಿಂತನೆ: ವಾಣಿ ವಿಲಾಸ ಎಂದರೆ ಯಾರು?



ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದು ಮಾರ್ಕೆಟ್ ಹತ್ತಿರದ ವಾಣಿ ವಿಲಾಸ ಆಸ್ಪತ್ರೆಯಲ್ಲಿ. ಬಸವನಗುಡಿಯ ವಾಣಿ ವಿಲಾಸ ರಸ್ತೆಯಲ್ಲಿ ದಿನವೂ ಓಡಾಡುತ್ತೇವೆ. ಆ ಹೆಸರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರದು.

ಅವರು ಹುಟ್ಟಿದ್ದು 1866ರಲ್ಲಿ. ಬಾಲ್ಯದಲ್ಲೇ, 1878ರಲ್ಲಿ, ಚಾಮರಾಜೇಂದ್ರ ಒಡೆಯರೊಂದಿಗೆ ಮದುವೆಯಾಯಿತು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋಗಿದ್ದ ಅರಸರು ಡಿಫ್ತೀರಿಯಾ ಬಂದು ಅಲ್ಲೇ ತೀರಿಕೊಂಡರು. ಆಗ ರಾಣಿಗೆ 28 ವರ್ಷ, ಮಗ ನಾಲ್ವಡಿ ಕೃಷ್ಣರಾಜರಿಗೆ 10. ವಿಧವೆ ಎದುರು ಬಂದರೆ ಅಪಶಕುನ ಎನ್ನುತ್ತಿದ್ದ ಕಾಲ ಅದು. ಅದೇ ಕಾಲದಲ್ಲಿ, 1895ರಿಂದ 1902ರ ಆಗಸ್ಟ್‌ವರೆಗೆ, ಈ ವಿಧವೆ ಮಗನ ಪರವಾಗಿ ಇಡೀ ರಾಜ್ಯದ ಹೊಣೆ ಹೊತ್ತರು.

1897ರ ಜೂನ್ 22ರಂದು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ತೆರೆಯಿತು. ಇನ್ನೊಂದು ಮಾತನ್ನೂ ಮರೆಯಬಾರದು. ಪ್ಲೇಗ್ ಜಾತಿ ನೋಡಲಿಲ್ಲ. ಆದರೆ ಹೊಸ ಬಡಾವಣೆಗಳಲ್ಲಿ ನಿವೇಶನ ಹಂಚುವಾಗ ಜಾತಿ ನೋಡಿದರು.

ಮುಂದೆ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು. ಆ ಮಗಳ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಎದ್ದಿತು. ಮಹಾರಾಣಿ ತೀರಿಕೊಂಡದ್ದು 1934ರ ಜುಲೈನಲ್ಲಿ. ಹೆಂಗಸರು, ಮಕ್ಕಳಿಗಾಗಿ ಅವರ ಹೆಸರಿನ ಆಸ್ಪತ್ರೆ ತೆರೆದದ್ದು 1935ರ ಮಾರ್ಚ್‌ನಲ್ಲಿ. ಅದನ್ನು ಅವರು ನೋಡಲಿಲ್ಲ.

ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆ, ಬೌದ್ಧ ಜಪಾನಿನಲ್ಲೂ ಇಂಥ ಒಬ್ಬ ರಾಣಿ ಇದ್ದರು. ಅವರು ಚಕ್ರವರ್ತಿ ಶೋಮು ಅವರ ಪತ್ನಿ ಕೋಮ್ಯೋ. ರಾಜವಂಶದಲ್ಲಿ ಹುಟ್ಟದೆಯೂ 729ರಲ್ಲಿ ಪಟ್ಟದರಾಣಿಯಾದರು. ಎಳೆಯ ಮಗನನ್ನು ಕಳೆದುಕೊಂಡರು. 737ರ ಸಿಡುಬಿನಲ್ಲಿ ನಾಲ್ವರು ಅಣ್ಣತಮ್ಮಂದಿರೂ ಹೋದರು. ಬಡರೋಗಿಗಳಿಗೆ ಔಷಧಾಲಯ, ಅನಾಥರಿಗೆ ಆಶ್ರಯ ಕಟ್ಟಿಸಿದ್ದೂ ಈ ತಾಯಿಯೇ. 756ರಲ್ಲಿ ಗಂಡ ಸತ್ತಾಗ ಅರಮನೆಯ ಔಷಧಿಗಳನ್ನು ತೋದಾಯ್‌ಜಿ ವಿಹಾರಕ್ಕೆ ಒಪ್ಪಿಸಿ, ರೋಗಿಗಳಿಗೆ ಬಳಸಲು ಬಿಟ್ಟರು.

ಸತ್ತ ಮಗುವನ್ನು ಹೊತ್ತು ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ಕಿಸಾಗೋತಮಿಯ ಕಥೆ ನಮಗೆಲ್ಲ ಗೊತ್ತು. ದುಃಖ ನನ್ನೊಬ್ಬಳದಲ್ಲ ಎಂದು ತಿಳಿದದ್ದೇ ಅವಳ ಬಿಡುಗಡೆ. ಆ ಅರಿವು ಕರುಣೆಯಾಗಬೇಕು. ಕರುಣೆ ಹಾಸಿಗೆ, ಔಷಧಿ, ದಾದಿಯಾಗಿ ನಿಲ್ಲಬೇಕು.

ನಾವು ರಾಣಿಯರನ್ನು ಪೂಜಿಸುವವರಲ್ಲ. ಬೊಕ್ಕಸ ತುಂಬಿದ್ದು ಜನರ ದುಡಿಮೆಯಿಂದ. ಆಸ್ಪತ್ರೆ ನಮ್ಮ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಆದರೂ ಕೈಯಲ್ಲಿದ್ದ ಅಧಿಕಾರ ರೋಗಿಯ ಕಡೆಗೆ ತಿರುಗಿದಾಗ ಅದನ್ನು ಗುರುತಿಸುವುದು ಸಮ್ಯಕ್ ದೃಷ್ಟಿ.

ಇಂದಿನ ಅಭ್ಯಾಸ: ಪರಿಚಯದ ಒಬ್ಬ ಬಾಣಂತಿಯನ್ನೋ ರೋಗಿಯನ್ನೋ ನೋಡಿ ಬನ್ನಿ. ಬರಿಗೈಯಲ್ಲಿ ಹೋಗಬೇಡಿ.

ಸಾಧು, ಸಾಧು, ಸಾಧು.