ಚಿಕಾಗೋದ ಜೇನ್ ಆಡಮ್ಸ್

ನಗರವೊಂದರ ಐಶ್ವರ್ಯವನ್ನು ಅದರ ರಾಜಬೀದಿಗಳಿಂದ ಅಳೆಯುವದು ಲೋಕದ ವಾಡಿಕೆ. ಅದರ ಆಡಳಿತವನ್ನು ಅಳೆಯಬೇಕಾದವರು ಮಾತ್ರ ಬಡವರ ಓಣಿಗಳನ್ನು ಹೊಕ್ಕು ನೋಡಬೇಕು. ಹಾಗೆ ಹೊಕ್ಕು ನೋಡಿ, ಅಲ್ಲಿಯೇ 45 ವರ್ಷಗಳಿಗೂ ಮೇಲಾಗಿ ಬಾಳಿದ ಕುಮಾರಿ ಜೇನ್ ಆಡಮ್ಸ್ ಇವರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಅವರು 1860ರಲ್ಲಿ ಅಮೇರಿಕೆಯ ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಗ್ರಾಮದಲ್ಲಿ ಜನಿಸಿದರು. ತಂದೆ ಗಿರಣಿಯ ಒಡೆಯರು, ಶಾಸನಸಭೆಯ ಸದಸ್ಯರು, ಲಿಂಕನ್ನರ ಪರಿಚಿತರು. ಮಗಳಿಗೆ ವಿದ್ಯೆಯಿತ್ತು, ಹಣವಿತ್ತು. ತಕ್ಕ ಕಾರ್ಯ ಮಾತ್ರ ತೋರದಾಗಿತ್ತು. 1888ರಲ್ಲಿ ಲಂಡನ್ನಿನ ಟಾಯ್ನ್‌ಬಿ ಹಾಲಿನಲ್ಲಿ ಸುಶಿಕ್ಷಿತ ತರುಣರು ಬಡವರ ನೆರೆಯಲ್ಲಿಯೇ ವಾಸಿಸುವದನ್ನು ಕಂಡಾಗ ಅವರಿಗೆ ದಾರಿ ಕಾಣಿಸಿತು. ಮರುವರ್ಷ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಚಿಕಾಗೋದ ಹಾಲ್‌ಸ್ಟೆಡ್ ಬೀದಿಯ ಹಳೆಯ ಬಂಗಲೆಯೊಂದರಲ್ಲಿ ‘ಹಲ್ ಹೌಸ್’ ಸಂಸ್ಥೆಯನ್ನು ತೆರೆದರು.

ಇಟಲಿ, ರಶಿಯಾ, ಬೊಹೀಮಿಯಾ, ಐರ್ಲಂಡ ಮುಂತಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಕಾರರು ಆ 19ನೆಯ ವಾರ್ಡಿನಲ್ಲಿ ಕಿಕ್ಕಿರಿದಿದ್ದರು. ಹಲ್ ಹೌಸಿನಲ್ಲಿ ಶಿಶುವಿಹಾರ, ರಾತ್ರಿಯ ತರಗತಿ, ಸಂಘಗಳು ನಡೆದವು. ಆದರೆ ಹೊರಗೆ ಓಣಿಗಳಲ್ಲಿ ಕಸ ಕೊಳೆಯುತ್ತಲೇ ಇದ್ದಿತು. ತಮ್ಮ ಆಶ್ರಯಕ್ಕೆ ಬಂದ ಅಶಕ್ತನಾದ ಅಕ್ಕನ ಮಗನನ್ನು ಆ ಹೊಲಸಿಗಂಜಿ ತಮ್ಮ ಬಳಿ ಇರಿಸಿಕೊಳ್ಳಲಾಗದೆ ಅವರು ಹೊರಗಣ ಶಾಲೆಗೆ ಕಳುಹಬೇಕಾಯಿತು. ನೆರೆಯ ಸಾವಿರಾರು ಮಕ್ಕಳನ್ನು ಎಲ್ಲಿಗೆ ಕಳುಹುವದು? ದಯೆಯಿಂದ ಓಣಿ ಶುದ್ಧವಾಗದು, ಅದಕ್ಕೆ ಆಡಳಿತವೇ ಬೇಕೆಂಬುದು ಅವರಿಗೆ ಇಲ್ಲಿ ಮನದಟ್ಟಾಯಿತು.

ವಾರ್ಡಿನ ಕಸದ ಗುತ್ತಿಗೆಗೆ ಅವರು ತಾವೇ ಟೆಂಡರು ಹಾಕಿದರು. ಅದು ತಳ್ಳಿಹೋದರೂ ಊರೆಲ್ಲ ಸುದ್ದಿಯಾಗಿ, 1895ರಲ್ಲಿ ಮೇಯರರು ವರ್ಷಕ್ಕೆ 1000 ಡಾಲರ ವೇತನದ ಕಸದ ಇನ್ಸ್‌ಪೆಕ್ಟರ ಹುದ್ದೆಯನ್ನು ಅವರಿಗಿತ್ತರು. ಬೆಳಗಿನ ಆರು ಗಂಟೆಗೆ ಎದ್ದು ಗುತ್ತಿಗೆದಾರನ ಗಾಡಿಗಳನ್ನು ಹಿಂಬಾಲಿಸಿದರು. ಗಾಡಿಗಳ ಸಂಖ್ಯೆಯನ್ನು 9ರಿಂದ 17ಕ್ಕೆ ಏರಿಸಿದರು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಒಂದೂವರೆ ಅಡಿ ಕಸವನ್ನು ಅಗೆದು ತೆಗೆದಾಗ ಕೆಳಗೆ ಕಲ್ಲುಹಾಸು ದೊರೆಯಿತು! ನಗರದ ವಾರ್ಡುಗಳಲ್ಲಿ ಮರಣಪ್ರಮಾಣಕ್ಕೆ ಮೂರನೆಯದಾಗಿದ್ದ ಆ ವಾರ್ಡು ಏಳನೆಯದಕ್ಕೆ ಇಳಿಯಿತು.

ಆದರೆ ವಾರ್ಡಿನ ಪುಢಾರಿ ಜಾನ್ ಪವರ್ಸ್‌ನನ್ನು ಕದಲಿಸುವದು ಕಸವನ್ನು ಕದಲಿಸಿದಷ್ಟು ಸುಲಭವಾಗಲಿಲ್ಲ. ನಗರಸಭೆಯಲ್ಲಿ ಟ್ರಾಮು ಕಂಪನಿಗಳ ಹಿತ ಕಾಯುತ್ತಿದ್ದ ಆತನು, ಬಡವರಿಗೆ ನೌಕರಿ ಕೊಡಿಸುತ್ತಿದ್ದನು, ಸತ್ತವರ ಮನೆಗೆ ಹೋಗುತ್ತಿದ್ದನು, ಕ್ರಿಸ್ಮಸ್ಸಿಗೆ ಟರ್ಕಿ ಕೋಳಿ ಹಂಚುತ್ತಿದ್ದನು. 1896 ಮತ್ತು 1898ರ ಚುನಾವಣೆಗಳಲ್ಲಿ ಹಲ್ ಹೌಸಿನ ಪಕ್ಷ ಸೋತಿತು. ಆಡಮ್ಸ್ ಇವರು ಮತದಾರರನ್ನು ಹಳಿಯಲಿಲ್ಲ. ಕಷ್ಟಕಾಲಕ್ಕೆ ಬಾಗಿಲಿಗೆ ಬಂದವನನ್ನೇ ಬಡವನು ನಂಬುವನು. ದೂರ ನಿಂತು ಶುದ್ಧ ಆಡಳಿತವನ್ನು ಬೋಧಿಸುವವನನ್ನಲ್ಲ ಎಂಬುದನ್ನು ಅವರು ಒಪ್ಪಿಕೊಂಡು ಬರೆದರು. ಈ ಸತ್ಯನಿಷ್ಠೆಯನ್ನೇ ನಾವು ಅವರ ದೊಡ್ಡ ಗುಣವೆಂದೆಣಿಸುತ್ತೇವೆ.

1902ರಲ್ಲಿ ವಿಷಮಜ್ವರ ಹಬ್ಬಿತು. ನಗರದ ಜನಸಂಖ್ಯೆಯ 36ನೆಯ ಒಂದು ಪಾಲಿದ್ದ ಈ ವಾರ್ಡಿನಲ್ಲಿ ಸತ್ತವರು ನಗರದ ಒಟ್ಟು ಮೃತರಲ್ಲಿ ಆರನೆಯ ಒಂದು ಪಾಲು. ಹಲ್ ಹೌಸಿನ ಸ್ತ್ರೀಯರು ಮನೆಮನೆಯ ಗಟಾರುಗಳನ್ನು ಪರೀಕ್ಷಿಸಿ ವರದಿ ಮಾಡಿದರು; ವಿಚಾರಣೆ ನಡೆದು ಆರೋಗ್ಯ ಇಲಾಖೆಯ ನೈರ್ಮಲ್ಯ ಶಾಖೆಯ 24 ನೌಕರರಲ್ಲಿ 11 ಜನರು ಕೆಲಸ ಕಳೆದುಕೊಂಡರು.

ಇಷ್ಟೆಲ್ಲ ನಡೆದಾಗ ಅವರಿಗೆ ನಗರಸಭೆಯ ಚುನಾವಣೆಯಲ್ಲಿ ಮತ ಕೊಡುವ ಹಕ್ಕೇ ಇರಲಿಲ್ಲ! ಆ ಸಂಸ್ಥಾನದ ಸ್ತ್ರೀಯರಿಗೆ ಅದು ದೊರೆತದ್ದು 1913ರಲ್ಲಿ. ಮಹಾಯುದ್ಧವನ್ನು ವಿರೋಧಿಸಿ ಸ್ವದೇಶದಲ್ಲಿಯೇ ನಿಂದೆಗೆ ಗುರಿಯಾದ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. 1935ರಲ್ಲಿ ಚಿಕಾಗೋದಲ್ಲಿಯೇ ತೀರಿಕೊಂಡರು.

ಪಾರಿತೋಷಕಕ್ಕಿಂತ ಆ ಇನ್ಸ್‌ಪೆಕ್ಟರ ಹುದ್ದೆಯೇ ನಮಗೆ ಹಿರಿದಾಗಿ ತೋರುತ್ತದೆ. ಬಡವರ ಓಣಿಯ ಕಸ ಬಡವರ ಸ್ವಭಾವದ ಫಲವಲ್ಲ, ಬಾರದ ಗಾಡಿಯ ಫಲವೆಂಬುದನ್ನು ಅವರು ಆ ಗಾಡಿಯ ಹಿಂದೆ ನಡೆದೇ ತೋರಿಸಿಕೊಟ್ಟರು.